ಏರಿನಲ್ಲಿ ನಿಂತ ಪಿಕಪ್: ಫೀಡ್ ಪಂಪಿನ ದೋಷವನ್ನು ಕಂಡುಹಿಡಿಯುವ ಮತ್ತು ಬದಲಿಸುವ ಕ್ರಮ



ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಕಾಯಿಕೊರಕ ಮುಂತಾದ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಈ ಸಲ ವಾಹನದ ವಿಚಾರ ಬರೆಯುತ್ತಿದ್ದೇವೆ. ಇದು ತೋಟಗಾರಿಕೆಗೆ ಹೊರತಾದ ವಿಷಯವೆಂದು ಯಾರೂ ಪುಟ ಮಗುಚಬಾರದಾಗಿ ವಿನಂತಿ. ಬೆಳೆದ ಬೆಳೆ ಮಾರುಕಟ್ಟೆ ಮುಟ್ಟಿದ ಮೇಲಷ್ಟೇ ನಮ್ಮದು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1996ರ ಹೊತ್ತಿಗೆ ಪೂರ್ಣವಾಗಿ ಕೊನೆಗೊಂಡ ಬಳಿಕ ಕಾಫಿ ಬೆಳೆಗಾರನೂ ಅಡಿಕೆಯವನ ಹಾಗೆಯೇ ತನ್ನ ಮಾಲನ್ನು ತಾನೇ ಹೊತ್ತು ವ್ಯಾಪಾರ ನೋಡಬೇಕಾಗಿದೆ. ಈ ಹೊರೆಯನ್ನು ಈಗ ಹೊರುತ್ತಿರುವುದು ನಮ್ಮ ನಿಮ್ಮ ಮನೆಯಂಗಳದ ಪಿಕಪ್ ಗಾಡಿಗಳು.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇವೆ. ಅದರಲ್ಲಿ ತಪ್ಪು ನಮ್ಮದೂ ಇದೆ.

ಕುಲಶೇಖರದ ಏರಿನಲ್ಲಿ

ಜೂನ್ ತಿಂಗಳ ಒಂದು ಬೆಳಗ್ಗೆ ನಮ್ಮ ಸಂಘದ ಹಳೆಯ ಡೀಸೆಲ್ ಪಿಕಪ್ ಹದಿನೆಂಟು ಗೋಣಿ ಚಾಲಿ ಅಡಿಕೆ ಹೇರಿಕೊಂಡು ಮೂಡಬಿದಿರೆಯ ದಾರಿಯಾಗಿ ಮಂಗಳೂರಿಗೆ ಹೊರಟಿತು. ಗುರುಪುರ, ವಾಮಂಜೂರು ದಾಟುವ ತನಕ ತಕರಾರಿರಲಿಲ್ಲ. ಕುಡುಪು ಕಳೆದು ಕುಲಶೇಖರದತ್ತ ಏರುವಾಗ ಗಾಡಿಯ ಬಲ ಕುಗ್ಗಿತು. ಚಾಲಕ ಗೇರು ಇಳಿಸಿದ, ಆಕ್ಸಿಲರೇಟರ್ ಪೂರ್ತಿ ಒತ್ತಿದ. ಹೊಗೆಯೂ ಬರಲಿಲ್ಲ, ಶಕ್ತಿಯೂ ಬರಲಿಲ್ಲ. ಎರಡು ಸಲ ಮುಕ್ಕರಿಸಿ ಎಂಜಿನ್ ನಿಂತುಹೋಯಿತು. ಹಾಲಿನ ಡೈರಿಯ ಲಾರಿಗಳು, ಕಾರ್ಕಳದ ಬಸ್ಸುಗಳು ಒಂದರ ಹಿಂದೊಂದು ಬರುವ ರಸ್ತೆ ಅದು. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದುಗಡೆ ಸೊಪ್ಪು ಕಟ್ಟಿ ನಿಲ್ಲಿಸುವಷ್ಟರಲ್ಲಿ ಮಳೆ ಹಿಡಿಯಿತು. ಟಾರ್ಪಾಲಿನ ಒಂದು ಮೂಲೆ ಹರಿದಿದ್ದುದು ಆಗ ಗೊತ್ತಾಯಿತು. ಬೇರೆ ಗಾಡಿ ಬಂದು ಮಾಲು ಬದಲಿಸುವಾಗ ನಾಲ್ಕು ಗೋಣಿ ತೋಯ್ದಿದ್ದವು. ಆ ನಾಲ್ಕೂ ಒಬ್ಬರೇ ಸಣ್ಣ ಸದಸ್ಯರವು. ಮಕ್ಕಳ ಕಾಲೇಜು ಫೀಸಿಗೆಂದು ಅವರು ತೆಗೆದಿಟ್ಟಿದ್ದ ಅಡಿಕೆ ಅದು. ನೀರು ತಾಗಿದ ಚಾಲಿ ಎಷ್ಟು ಒಣಗಿಸಿದರೂ ಮೊದಲಿನ ದರ್ಜೆಗೆ ನಿಲ್ಲುವುದಿಲ್ಲವೆಂಬುದು ನಿಮಗೆ ತಿಳಿದದ್ದೇ.

ಗಾಡಿಯನ್ನು ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ "ದೊಡ್ಡ ಪಂಪು ಹೋಗಿದೆ, ಬಿಚ್ಚಬೇಕು" ಎಂದರು. ನಾವು ಕಾರಣ ಕೇಳಲಿಲ್ಲ. ಫೋನಿನಲ್ಲೇ "ಆಗಲಿ, ಮಾಡಿ" ಎಂದುಬಿಟ್ಟೆವು. ಆರು ದಿನದ ನಂತರ ದೊಡ್ಡ ಬಿಲ್ಲಿನೊಂದಿಗೆ ಗಾಡಿ ಬಂತು. ಮೂರು ವಾರ ಗೊಬ್ಬರ, ಹಿಂಡಿ ಎಂದು ಹಗುರವಾದ ಹೇರಿನಲ್ಲಿ ಸುಖವಾಗಿಯೇ ಓಡಿತು. ನಾಲ್ಕನೆಯ ವಾರ ಅಡಿಕೆ ಹೇರಿಕೊಂಡು ಹೋದಾಗ ಅದೇ ಏರಿನಲ್ಲಿ ಮತ್ತೆ ನಿಂತಿತು.

ಈ ಸಲ ಅಲ್ಲಿಗೆ ಬಂದವರು ಬಸ್ಸಿನ ಕೆಲಸದಲ್ಲಿ ನುರಿತ ಒಬ್ಬ ಹಿರಿಯ ಮೇಸ್ತ್ರಿ. ಅವರು ಸ್ಪ್ಯಾನರು ಹಿಡಿಯುವ ಮೊದಲು ನಮ್ಮನ್ನೇ ಒಂದು ಪ್ರಶ್ನೆ ಕೇಳಿದರು: "ನಿಮ್ಮ ತೋಟದ ಪಂಪು ನೀರು ಎತ್ತದಿದ್ದರೆ ನೀವು ಮೊದಲು ಏನು ನೋಡ್ತೀರಿ ಮಾರಾಯ್ರೆ? ಮೋಟಾರು ಬಿಚ್ಚುತ್ತೀರಾ?"

"ಇಲ್ಲ, ಫುಟ್‌ವಾಲ್ವು ನೋಡುತ್ತೇವೆ" ಎಂದೆವು.

"ಹಾಗಾದರೆ ಇದರಲ್ಲಿ ಮಾತ್ರ ಯಾಕೆ ಹಿಂದಿನಿಂದ ಸುರು ಮಾಡಿದ್ರಿ?" ಎಂದರು.

ಮುಂದೆ ಬರೆದಿರುವುದೆಲ್ಲ ಆ ಪ್ರಶ್ನೆಯ ವಿಸ್ತರಣೆ.

ಡೀಸೆಲ್ ಹೋಗುವ ದಾರಿ

ಹಳೆಯ ಮಾದರಿಯ ಡೀಸೆಲ್ ಪಿಕಪ್‌ಗಳಲ್ಲಿ ಎಣ್ಣೆಯ ದಾರಿ ಹೀಗಿದೆ: ಟ್ಯಾಂಕು, ಅದರೊಳಗಿನ ಜಾಲರಿ, ಅಲ್ಲಿಂದ ಪೈಪು, ಅನಂತರ ಫೀಡ್ ಪಂಪು, ಅದರ ಮುಂದೆ ಫಿಲ್ಟರು, ಕೊನೆಗೆ ಇಂಜೆಕ್ಷನ್ ಪಂಪು ಮತ್ತು ಇಂಜೆಕ್ಟರುಗಳು.

ಇಲ್ಲಿ ಪಂಪು ಎರಡು ಇವೆ ಎಂಬುದನ್ನು ಗಮನಿಸಬೇಕು. ಚಾಲಕರು 'ಡೀಸೆಲ್ ಪಂಪು' ಅಥವಾ 'ಮೈಕೋ ಪಂಪು' ಎನ್ನುವುದು ದೊಡ್ಡದಾದ ಇಂಜೆಕ್ಷನ್ ಪಂಪನ್ನು. ಜರ್ಮನಿಯ ರಾಬರ್ಟ್ ಬಾಷ್ ಕಂಪೆನಿ 1927ರಲ್ಲಿ ಇಂತಹ ಪಂಪುಗಳ ತಯಾರಿಯನ್ನು ಆರಂಭಿಸಿತು. ಅದರ ಸಹಯೋಗದ ಮೈಕೋ ಸಂಸ್ಥೆ 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಜನರ ಬಾಯಲ್ಲಿ ಮೈಕೋ ಉಳಿದಿದೆ. ಈ ಪಂಪು ಎಣ್ಣೆಯನ್ನು ಅಳೆದು, ಚದರ ಸೆಂಟಿಮೀಟರಿಗೆ 200 ಕಿಲೋ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಒತ್ತಡದಲ್ಲಿ ಇಂಜೆಕ್ಟರಿಗೆ ನೂಕುತ್ತದೆ. ಇದನ್ನು ಬಿಚ್ಚುವುದು ಪರೀಕ್ಷಾಯಂತ್ರವಿರುವ ಕಾರ್ಯಾಗಾರದ ಕೆಲಸ. ಖರ್ಚೂ ಹೆಚ್ಚು.

ಇದರ ಮೈಗೇ ಅಂಟಿಕೊಂಡು ಮುಷ್ಟಿಗಾತ್ರದ ಇನ್ನೊಂದು ಪಂಪು ಇರುತ್ತದೆ. ಅದೇ ಫೀಡ್ ಪಂಪು. ಟ್ಯಾಂಕಿನಿಂದ ಎಣ್ಣೆಯನ್ನು ಎಳೆದು ಸುಮಾರು 1ರಿಂದ 1.5 ಕಿಲೋ ಒತ್ತಡದಲ್ಲಿ ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ಒದಗಿಸುವುದಷ್ಟೇ ಅದರ ಕೆಲಸ. ಒಳಗೆ ಒಂದು ಪ್ಲಂಜರು, ಒಂದು ಸ್ಪ್ರಿಂಗು, ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ಎರಡು ವಾಲ್ವುಗಳು. ದೊಡ್ಡ ಪಂಪಿನ ಕ್ಯಾಮ್ ತಿರುಗಿದಂತೆ ಇದರ ಪ್ಲಂಜರು ಹಿಂದೆ ಮುಂದೆ ಚಲಿಸುತ್ತದೆ. ಕೈಯಿಂದ ಒತ್ತಲು ಮೇಲೊಂದು ಪ್ರೈಮರ್ ಗುಬ್ಬಿಯೂ ಇದೆ.

ವಾಲ್ವು ಸವೆದರೆ, ಕಸ ಸಿಕ್ಕಿಕೊಂಡರೆ, ಸ್ಪ್ರಿಂಗು ಸೋತರೆ ಎಳೆಯುವ ಶಕ್ತಿ ಕಡಿಮೆಯಾಗುತ್ತದೆ. ಸಮತಟ್ಟಿನ ದಾರಿಯಲ್ಲಿ ಎಂಜಿನಿಗೆ ಬೇಕಾದ ಎಣ್ಣೆ ಕಡಿಮೆ, ಅಷ್ಟನ್ನು ಅದು ಹೇಗೋ ಒದಗಿಸೀತು. ಹೇರು ಇದ್ದು ಏರು ಬಂದಾಗ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ಸಾಲದೆ ಎಂಜಿನ್ ನಿಲ್ಲುತ್ತದೆ. ನಮ್ಮ ಗಾಡಿ ಮೂರು ವಾರ ಓಡಿದ್ದರ ಗುಟ್ಟು ಇದೇ. ಗ್ಯಾರೇಜಿನವರು ಹೊಸ ಫಿಲ್ಟರು ಹಾಕಿ ಗಾಳಿ ತೆಗೆದಿದ್ದರು, ಹೇರು ಹಗುರವಿತ್ತು. ಸೋತ ಫೀಡ್ ಪಂಪು ಹಾಗೆಯೇ ಉಳಿದಿತ್ತು.

ಲಕ್ಷಣಗಳು

1. ಏರಿನಲ್ಲಿ, ಹೇರಿನಲ್ಲಿ ಬಲ ಕುಗ್ಗುವುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಪುನಃ ಸ್ಟಾರ್ಟ್ ಆಗುವುದು.

2. ಬೆಳಗ್ಗೆ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಬೇಕಾಗುವುದು. ಪ್ರೈಮರನ್ನು ಹತ್ತಿಪ್ಪತ್ತು ಸಲ ಒತ್ತಿದರೆ ಕೂಡಲೇ ಹಿಡಿಯುವುದು.

3. ಬಲ ಕುಗ್ಗಿದಾಗ ಕಪ್ಪು ಹೊಗೆ ಇಲ್ಲದಿರುವುದು. ಕಪ್ಪು ಹೊಗೆಯೊಂದಿಗೆ ಬಲ ಕುಗ್ಗಿದರೆ ಎಣ್ಣೆಗೆ ಬರವಿಲ್ಲವೆಂದೇ ಅರ್ಥ. ಆಗ ಏರ್ ಫಿಲ್ಟರು, ಇಂಜೆಕ್ಟರುಗಳ ಕಡೆ ನೋಡಬೇಕು.

4. ಫೀಡ್ ಪಂಪಿನ ಬುಡದಲ್ಲಿ ಎಣ್ಣೆ ಜಿನುಗುವುದು, ಅಥವಾ ದೊಡ್ಡ ಪಂಪಿನೊಳಗಿನ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುವುದು. ಎಂಜಿನ್ನಿನ ಬದಿಗೆ ಕೂರಿಸಿದ, ರಬ್ಬರು ಪೊರೆಯ ಪಂಪುಗಳಲ್ಲಿ ಪೊರೆ ಹರಿದರೆ ಡೀಸೆಲ್ ಎಂಜಿನ್ ಆಯಿಲಿಗೇ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಗಾಡಿ ಓಡಿಸಲೇಬಾರದು. ತೆಳ್ಳಗಾದ ಆಯಿಲಿನಲ್ಲಿ ಬೇರಿಂಗು ಸುಟ್ಟುಹೋಗುತ್ತದೆ.

ಪರೀಕ್ಷೆ ಮಾಡುವ ಕ್ರಮ

ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದ್ದನ್ನು ಕೊನೆಗೆ ನೋಡತಕ್ಕದ್ದು. ಒಂದು ಹೆಜ್ಜೆ ಮುಗಿಯದೆ ಮುಂದಿನದಕ್ಕೆ ಹೋಗಬಾರದು.

ಮೊದಲನೆಯದು, ಟ್ಯಾಂಕು. ಎಣ್ಣೆಯ ಮುಳ್ಳನ್ನು ನಂಬದೆ ಶುದ್ಧವಾದ ಕೋಲು ಇಳಿಸಿ ನೋಡಿ. ಅನಂತರ ಗಾಡಿ ಬಲ ಕಳೆದುಕೊಂಡ ಹೊತ್ತಿನಲ್ಲಿ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಅದನ್ನು ಶುಚಿಮಾಡಿದರೆ ರಿಪೇರಿ ಮುಗಿಯಿತು.

ಎರಡನೆಯದು, ಸ್ಟಾಪ್ ಕೇಬಲ್ಲು. ಎಂಜಿನ್ ನಿಲ್ಲಿಸುವ ಸನ್ನೆ ಪೂರ್ತಿ ಹಿಂದೆ ಬಂದಿದೆಯೋ, ಅರ್ಧದಲ್ಲಿ ಸಿಕ್ಕಿದೆಯೋ ನೋಡಿ. ವಿದ್ಯುತ್ತಿನ ಸ್ಟಾಪ್ ಇದ್ದರೆ ಅದರ ವಯರು ಬಿಗಿಯಾಗಿದೆಯೇ ಪರೀಕ್ಷಿಸಿ.

ಮೂರನೆಯದು, ನೀರು. ಡೀಸೆಲ್ ನೀರಿಗಿಂತ ಹಗುರ, ಆದುದರಿಂದ ನೀರು ತಳದಲ್ಲಿ ನಿಲ್ಲುತ್ತದೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರು ಇದೆ. ಫಿಲ್ಟರಿನ ಅವಧಿ ಮೀರಿದ್ದರೆ ಬದಲಿಸಿಬಿಡಿ. ಫೀಡ್ ಪಂಪಿನ ಬಾಯಲ್ಲಿ ಬಲೆಯಿರುವ ಸಣ್ಣ ಬಟ್ಟಲಿದ್ದರೆ ಅದನ್ನೂ ಬಿಚ್ಚಿ ತೊಳೆಯಿರಿ.

ನಾಲ್ಕನೆಯದು, ಗಾಳಿ. ಇದರಲ್ಲಿ ಮೋಸಹೋಗುವವರು ಬಹಳ. ಫೀಡ್ ಪಂಪಿನಿಂದ ಮುಂದಿನ ಪೈಪಿನಲ್ಲಿ ಬಿರುಕಿದ್ದರೆ ಎಣ್ಣೆ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಪಂಪಿನಿಂದ ಹಿಂದಿನ, ಅಂದರೆ ಟ್ಯಾಂಕಿನ ಕಡೆಯ ಪೈಪಿನಲ್ಲಿ ಬಿರುಕಿದ್ದರೆ ಒಂದು ತೊಟ್ಟೂ ಹೊರಗೆ ಬಾರದೆ ಗಾಳಿ ಒಳಗೆ ಹೋಗಬಹುದು. ಬಾವಿಯ ಪಂಪಿನ ಸಕ್ಷನ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ ಏನಾಗುತ್ತದೆಂದು ನಿಮಗೆ ಗೊತ್ತು. ಇದೂ ಅದೇ. ಪಂಪಿಗೆ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಹೋಸನ್ನು ತಾತ್ಕಾಲಿಕವಾಗಿ ಸೇರಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಾಣುತ್ತವೆ.

ಐದನೆಯದು, ಕ್ಯಾನಿನ ಪರೀಕ್ಷೆ. ಮೇಸ್ತ್ರಿಗಳು ಅಂದು ರಸ್ತೆಬದಿಯಲ್ಲಿ ಮಾಡಿದ್ದು ಇದನ್ನೇ. ಐದು ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಮತ್ತು ಒಂದು ಹೋಸು ಸಾಕು.

ಮೊದಲು ಕ್ಯಾನನ್ನು ಫೀಡ್ ಪಂಪಿಗಿಂತ ಕೆಳಗೆ, ನೆಲದ ಮೇಲೆ ಇಟ್ಟು ಹೋಸನ್ನು ಪಂಪಿನ ಒಳಬಾಯಿಗೆ ಜೋಡಿಸಿ. ಮೇಲೆ ಇಡಬಾರದು, ಮೇಲಿಟ್ಟರೆ ಎಣ್ಣೆ ತಾನಾಗಿ ಇಳಿದು ಪಂಪಿನ ದೋಷ ಮರೆಯಾಗುತ್ತದೆ. ಗಾಳಿ ತೆಗೆದು ಎಂಜಿನ್ನನ್ನು ಚೆನ್ನಾಗಿ ರೇಸ್ ಮಾಡಿ ನೋಡಿ. ಈಗ ಸರಿಯಾಗಿ ಓಡಿದರೆ ದೋಷ ಟ್ಯಾಂಕು, ಜಾಲರಿ ಅಥವಾ ಹಿಂದಿನ ಪೈಪಿನಲ್ಲಿದೆ. ಪಂಪಿಗೆ ಕೈಹಾಕಬೇಡಿ.

ಸರಿಯಾಗದಿದ್ದರೆ ಕ್ಯಾನನ್ನು ಕ್ಯಾಬಿನಿನ ತಾರಸಿಯ ಮೇಲಿಟ್ಟು, ಫೀಡ್ ಪಂಪನ್ನು ಬಿಟ್ಟು, ಹೋಸನ್ನು ನೇರವಾಗಿ ಫಿಲ್ಟರಿನ ಒಳಬಾಯಿಗೆ ಕೊಡಿ. ಪಂಪಿನ ಬಿಟ್ಟ ಹೊರಬಾಯಿಯಿಂದ ಬರುವ ಎಣ್ಣೆಯನ್ನು ಒಂದು ಬಾಟಲಿಗೆ ಹಿಡಿಯಿರಿ. ಈಗ ಎಂಜಿನ್ ಚೆನ್ನಾಗಿ ಓಡಿದರೆ ಫೀಡ್ ಪಂಪೇ ಅಪರಾಧಿ. ಆಗಲೂ ಓಡದಿದ್ದರೆ ಮಾತ್ರ ಫಿಲ್ಟರು ಹೊಸದಿದೆಯೆಂದು ಖಚಿತಪಡಿಸಿಕೊಂಡು ದೊಡ್ಡ ಪಂಪಿನ ಮಾತು ಎತ್ತಬಹುದು.

ನಮ್ಮ ಗಾಡಿ ಕೆಳಗಿನ ಕ್ಯಾನಿನಲ್ಲಿ ಮುಕ್ಕರಿಸಿತು, ಮೇಲಿನ ಕ್ಯಾನಿನಲ್ಲಿ ಗರ್ಜಿಸಿತು. ಕಾಲು ಗಂಟೆಯಲ್ಲಿ ತೀರ್ಮಾನವಾಯಿತು.

ಆರನೆಯದು, ದೃಢೀಕರಣ. ಸ್ಟಾಪ್ ಎಳೆದಿಟ್ಟು, ಫೀಡ್ ಪಂಪಿನ ಹೊರಬಾಯಿಯ ಪೈಪನ್ನು ಬಾಟಲಿಗೆ ಹಿಡಿದು ಸ್ಟಾರ್ಟರ್ ತಿರುಗಿಸಿ. ಎಣ್ಣೆ ನಾಡಿ ಮಿಡಿದಂತೆ ತಡೆತಡೆದು ಬಲವಾಗಿ ಚಿಮ್ಮಬೇಕು. ನಮ್ಮದರಲ್ಲಿ ಅದು ಬಾಯಿಂದ ಜೊಲ್ಲು ಸುರಿದಂತೆ ಇಳಿಯುತ್ತಿತ್ತು.

ಬದಲಿಸುವ ಕ್ರಮ

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವಯರು ತೆಗೆಯಿರಿ. ಬೀಡಿ, ಸಿಗರೇಟು ದೂರವಿರಲಿ.

ಪಂಪಿನ ಸುತ್ತಲಿನ ಮಣ್ಣು, ಜಿಡ್ಡನ್ನು ಬ್ರಶ್ಶು ಮತ್ತು ಡೀಸೆಲಿನಿಂದ ತೊಳೆದು ಒರಸಿ. ಒಂದು ಕಣ ಮರಳು ಒಳಗೆ ಹೋದರೆ ಹೊಸ ಪಂಪು ಹಳತಾಗಲು ಹೆಚ್ಚು ದಿನ ಬೇಡ. ಒಳಬಾಯಿ, ಹೊರಬಾಯಿಯ ಪೈಪುಗಳಿಗೆ ಗುರುತು ಕಟ್ಟಿ ಬಿಚ್ಚಿ. ಬಿಚ್ಚಿದ ಬಾಯಿಗಳನ್ನು ಶುದ್ಧ ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಹತ್ತಿಬಟ್ಟೆ ತುರುಕಬೇಡಿ, ಅದರ ನೂಲು ವಾಲ್ವಿಗೆ ಸಿಕ್ಕುತ್ತದೆ.

ಪಂಪನ್ನು ಹಿಡಿದಿರುವ ನಟ್ಟುಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಳಗಿನ ಸ್ಪ್ರಿಂಗು ನೂಕುತ್ತಿದ್ದರೆ ಎಂಜಿನ್ನನ್ನು ಕೈಯಿಂದ ಸ್ವಲ್ಪ ತಿರುಗಿಸಿ, ಕ್ಯಾಮಿನ ಉಬ್ಬು ಪಕ್ಕಕ್ಕೆ ಸರಿದಾಗ ಪಂಪು ನೇರವಾಗಿ ಹೊರಬರುತ್ತದೆ. ಹಳೆಯ ಗ್ಯಾಸ್ಕೆಟ್ಟನ್ನು ಚೂರೂ ಒಳಗೆ ಬೀಳದಂತೆ ಕೆರೆದು ತೆಗೆಯಿರಿ.

ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಹಿಡಿಕೆಯ ತೂತುಗಳು, ಟ್ಯಾಪೆಟ್ಟಿನ ಉದ್ದ, ಎಣ್ಣೆಯ ದಿಕ್ಕಿನ ಬಾಣ ಇವು ಮೂರೂ ಹೊಂದಬೇಕು. ಹೊಸ ಗ್ಯಾಸ್ಕೆಟ್ಟು ಹಳೆಯದರಷ್ಟೇ ದಪ್ಪವಿರಲಿ. ದಪ್ಪ ಹೆಚ್ಚಾದರೆ ಪ್ಲಂಜರಿನ ಓಟ ಕಡಿಮೆಯಾಗುತ್ತದೆ. ನಟ್ಟುಗಳನ್ನು ಸರದಿಯಂತೆ ಬಿಗಿಮಾಡಿ.

ಪೈಪಿನ ತೂತುಬೋಲ್ಟುಗಳಿಗೆ ಹೊಸ ತಾಮ್ರದ ವಾಶರು ಹಾಕಿ. ಹಳೆಯ ವಾಶರಿಗೆ ನೂಲು ಸುತ್ತುವುದು, ಸಾಬೂನು ಮೆತ್ತುವುದು ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಮಾತ್ರ. ಅದೇ ಕಾಯಂ ಆದರೆ ನಾಲ್ಕನೆಯ ಹೆಜ್ಜೆಯಲ್ಲಿ ಹೇಳಿದ ಗಾಳಿಯ ತೊಂದರೆಯನ್ನು ನಾವೇ ಕರೆದಂತಾಗುತ್ತದೆ.

ಕೊನೆಗೆ ಗಾಳಿ ತೆಗೆಯುವುದು. ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ ಪ್ರೈಮರ್ ಒತ್ತಿ. ನೊರೆ ಹೋಗಿ ಶುದ್ಧ ಎಣ್ಣೆ ಬಂದಾಗ ಬಿಗಿಮಾಡಿ. ಹಾಗೆಯೇ ದೊಡ್ಡ ಪಂಪಿನ ಗಾಳಿತಿರುಪಿನಲ್ಲೂ ಮಾಡಿ. ಪ್ರೈಮರ್ ಗುಬ್ಬಿಯನ್ನು ಒಳಗೆ ತಿರುಗಿಸಿ ಕೂರಿಸಲು ಮರೆಯಬೇಡಿ. ಸ್ಟಾರ್ಟರನ್ನು ಒಂದು ಸಲಕ್ಕೆ ಹದಿನೈದು ಸೆಕೆಂಡು ಮೀರಿ ತಿರುಗಿಸದೆ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಹತ್ತು ನಿಮಿಷ ಓಡಿಸಿ ಎಲ್ಲ ಕೀಲುಗಳನ್ನು ಒಣಬಟ್ಟೆಯಿಂದ ಒರಸಿ ಜಿನುಗು ಇದೆಯೇ ನೋಡಿ. ಕಡೆಗೆ ಹೇರು ಹಾಕಿ ಒಂದು ಏರು ಹತ್ತಿಸಿ. ಅಂಗಳದಲ್ಲಿ ಓಡಿದ್ದು ಪರೀಕ್ಷೆಯೇ ಅಲ್ಲ.

ಹೊಸ ಗಾಡಿ ಇರುವವರಿಗೆ ಎಚ್ಚರಿಕೆ

ಭಾರತ್ ಸ್ಟೇಜ್ ನಾಲ್ಕು ದೇಶಾದ್ಯಂತ 2017ರ ಏಪ್ರಿಲ್‌ನಿಂದಲೂ, ಸ್ಟೇಜ್ ಆರು 2020ರ ಏಪ್ರಿಲ್‌ನಿಂದಲೂ ಜಾರಿಗೆ ಬಂದವು. ಈ ಕಾಲದ ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಾಮನ್ ರೈಲ್ ವ್ಯವಸ್ಥೆ ಇರುತ್ತದೆ. ಅದರ ಒತ್ತಡ ಸಾವಿರ ಕಿಲೋವನ್ನು ಮೀರಿ ಹೋಗುತ್ತದೆ. ಎಂಜಿನ್ ಓಡುವಾಗ ಅಲ್ಲಿನ ನಟ್ಟು ಸಡಿಲಿಸಿದರೆ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯವಾದರೂ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ಆದುದರಿಂದ ಇಂತಹ ಗಾಡಿಗಳಲ್ಲಿ ಮಾಲಿಕರು ಟ್ಯಾಂಕು, ನೀರು ತೆಗೆಯುವ ತಿರುಪು, ಫ್ಯೂಸು ಇವನ್ನು ಮಾತ್ರ ನೋಡಿ, ಉಳಿದದ್ದನ್ನು ತಿಳಿದವರಿಗೆ ಬಿಡತಕ್ಕದ್ದು. ಮೇಲೆ ಹೇಳಿದ ಕ್ಯಾನಿನ ಪರೀಕ್ಷೆಯನ್ನೂ ಇವುಗಳಲ್ಲಿ ಮಾಡಬಾರದು.

ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಕೀಲಿ ತಿರುಗಿಸಿದಾಗ ಹಿಂದಿನಿಂದ ಒಂದೆರಡು ಸೆಕೆಂಡು ಸಣ್ಣ ಗುಂಯ್ ಶಬ್ದ ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸು, ರಿಲೇ, ವಯರು ನೋಡಿಸಿ. ಪೆಟ್ರೋಲಿನ ಆವಿ ಕಿಡಿಗೆ ಕಾದಿರುತ್ತದೆ, ಮನೆಯ ಕೊಟ್ಟಿಗೆಯಲ್ಲಿ ಟ್ಯಾಂಕು ತೆರೆಯುವ ಸಾಹಸ ಬೇಡ. ಅಂತಹ ಪಂಪು ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದಲೇ. ಸದಾ ತಳಮಟ್ಟದ ಎಣ್ಣೆಯಲ್ಲಿ ಓಡಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ.

ಮಳೆಗಾಲಕ್ಕೆ ಮೊದಲು

ಬೋರ್ಡೋ ಸಿಂಪರಣೆಗೆ ಸುಣ್ಣ, ಮೈಲುತುತ್ತು ತರಿಸುವ ಹೊತ್ತಿಗೇ ಗಾಡಿಯ ಫಿಲ್ಟರು ಬದಲಿಸಿ. ಮಳೆಗಾಲದಲ್ಲಿ ಟ್ಯಾಂಕು ಆದಷ್ಟು ತುಂಬಿರಲಿ, ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ನೀರಾಗುತ್ತದೆ. ವಾರಕ್ಕೊಮ್ಮೆ ಫಿಲ್ಟರಿನ ನೀರು ತೆಗೆಯಿರಿ. ಡ್ರಮ್ಮಿನಲ್ಲಿ ತಂದಿಟ್ಟ ಡೀಸೆಲನ್ನು ಸೋಸದೆ ಹಾಕಬೇಡಿ. ಗಾಡಿಯಲ್ಲಿ ನಾಲ್ಕು ತಾಮ್ರದ ವಾಶರು, ಒಂದು ಮಾರು ಹೋಸು, ಎರಡು ಕ್ಲಿಪ್ಪು, ಒಂದು ಫಿಲ್ಟರು ಇರಲಿ. ಟಾರ್ಪಾಲನ್ನು ಬಿಡಿಸಿ ಬಿಸಿಲಿಗೆ ಹಿಡಿದು ತೂತು ನೋಡಿ. ನಮ್ಮ ನಾಲ್ಕು ಗೋಣಿ ಹಾಳಾದದ್ದರಲ್ಲಿ ಪಂಪಿನಷ್ಟೇ ಪಾಲು ಟಾರ್ಪಾಲಿನದ್ದೂ ಇತ್ತು.

ಲೆಕ್ಕ

ಹೊಸ ಫೀಡ್ ಪಂಪು, ವಾಶರು ಮತ್ತು ಮೇಸ್ತ್ರಿಗಳ ಕೂಲಿ ಸೇರಿ ಆದ ಖರ್ಚು ಮೊದಲ ಬಿಲ್ಲಿನ ಹತ್ತನೇ ಒಂದು ಪಾಲೂ ಆಗಲಿಲ್ಲ. ಹಳೆಯ ಪಂಪನ್ನು ಬಿಚ್ಚಿ ನೋಡಿದಾಗ ಒಂದು ವಾಲ್ವಿನ ಮುಖ ಉಗುರಿಗೆ ತಾಗುವಷ್ಟು ಸವೆದಿತ್ತು. ಅದನ್ನು ಸಂಘದ ಕಚೇರಿಯ ಕಿಟಕಿಯಲ್ಲಿ ಇಟ್ಟಿದ್ದೇವೆ. ಬಂದವರು ನೋಡಬಹುದು.

ಮೊದಲ ಬಿಲ್ಲನ್ನು ವಿಚಾರಿಸದೆ ಒಪ್ಪಿದ್ದು ನಮ್ಮ ತಪ್ಪೆಂದು ಆಡಳಿತ ಮಂಡಳಿಯ ಸಭೆಯಲ್ಲಿ ಒಪ್ಪಿಕೊಂಡಿದ್ದೇವೆ. ತೋಯ್ದ ನಾಲ್ಕು ಗೋಣಿಗಳ ದರ ವ್ಯತ್ಯಾಸವನ್ನು ಸಂಘವೇ ಭರಿಸುವುದೆಂದು ಸಭೆ ತೀರ್ಮಾನಿಸಿ, ಕಾಲೇಜಿನ ಫೀಸಿನ ಕೊನೆಯ ದಿನಕ್ಕೆ ಮೊದಲೇ ಆ ಸದಸ್ಯರಿಗೆ ಹಣ ಪಾವತಿಯಾಗಿದೆ. ಇನ್ನು ಮುಂದೆ ಸಂಘದ ವಾಹನದ ಯಾವುದೇ ದೊಡ್ಡ ರಿಪೇರಿಗೆ ಮೊದಲು ಮೇಲಿನ ಆರು ಹೆಜ್ಜೆಗಳಲ್ಲಿ ಯಾವುದನ್ನು ನೋಡಲಾಗಿದೆ, ಫಲವೇನು ಎಂದು ಬರೆದು ಕೊಟ್ಟ ಮೇಲೆಯೇ ಒಪ್ಪಿಗೆ. ಬದಲಿಸಿದ ಹಳೆಯ ಸಾಮಾನನ್ನು ಕಚೇರಿಗೆ ತಂದೊಪ್ಪಿಸಬೇಕು. ಸದಸ್ಯರು ತಮ್ಮ ಸ್ವಂತ ಗಾಡಿಗಳಿಗೂ ಇದೇ ಕ್ರಮ ಇಟ್ಟುಕೊಂಡರೆ ಒಳ್ಳೆಯದು. ಕಾರಣ ಕೇಳುವುದರಿಂದ ಒಳ್ಳೆಯ ಮೇಸ್ತ್ರಿಗೆ ಬೇಸರವಾಗುವುದಿಲ್ಲ.

ಪಂಪು ಬದಲಿಸಿದ ಮರುದಿನ ಇಪ್ಪತ್ತು ಗೋಣಿ ಹೇರಿಕೊಂಡು ಗಾಡಿ ಅದೇ ದಾರಿಯಲ್ಲಿ ಹೋಯಿತು. ನಾವೂ ಚಾಲಕನ ಪಕ್ಕದಲ್ಲಿ ಕುಳಿತಿದ್ದೆವು. ಕುಡುಪು ಕಳೆದು ಏರು ಸುರುವಾದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಕುಲಶೇಖರದ ಚೌಕಿ ದಾಟಿದ ಮೇಲೆ ಚಾಲಕ ಹೇಳಿದ: "ಇನ್ನು ಒಂದು ಚಾ ಕುಡಿಯಬಹುದು."